ಪೊಟ್ಟಣದ ಮೇಲಿನ ಬರಹ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಸದ್ಭಕ್ತರಲ್ಲಿ ಒಕ್ಕಲುತನದವರೂ ಇದ್ದಾರೆ, ಕಿರಾಣಿ ವ್ಯಾಪಾರಸ್ಥರೂ ಇದ್ದಾರೆ. ಇಬ್ಬರೂ ವಿಚಾರ ಮಾಡಬೇಕಾದ ಪ್ರಶ್ನೆಯೊಂದಿದೆ: ಕೊಳ್ಳುವವನಿಗೆ ತಿಳಿಯದಂತೆ ಹೇಳಿದ ಸತ್ಯ ಸತ್ಯವೆನಿಸೀತೆ?

ತಿನ್ನುವ ಪದಾರ್ಥದ ಪೊಟ್ಟಣದ ಮೇಲೆ ಒಳಗಿನ ಸಾಮಗ್ರಿಗಳನ್ನು ಬರೆಯಲೇಬೇಕು. ತೂಕದಲ್ಲಿ ಹೆಚ್ಚಿನದು ಮೊದಲು, ಕಡಿಮೆಯದು ಕೊನೆಗೆ. ಆದರೆ 2020ರ ನಿಯಮದಂತೆ ಆ ಬರಹ ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಬಿಸ್ಕೀಟಿನ ಪುಡಿಕೆಯ ಮುಂಭಾಗದಲ್ಲಿ ಬಾದಾಮಿಯ ದೊಡ್ಡ ಚಿತ್ರವಿರುತ್ತದೆ. ಹಿಂಭಾಗದ ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ, ಎಲ್ಲೋ ಕಟ್ಟಕಡೆಗೆ ಬಾದಾಮಿ. ಓದು ಬಲ್ಲವನು ಕನ್ನಡಕ ಏರಿಸಿ ತಿಳಿದುಕೊಂಡಾನು. ಓದು ಬಾರದ ತಾಯಿ ಓದುವುದು ಆ ಚಿತ್ರವನ್ನೇ. ಬಲ್ಲವನಿಗೆ ಸತ್ಯ, ಬಡವಿಗೆ ಬಾದಾಮಿಯ ಚಿತ್ರ! "ಬರೆದಿದ್ದೇವಲ್ಲ" ಎಂದು ತಯಾರಿಸಿದವನು ಹೇಳಿಯಾನು. ಬರೆದದ್ದು ಯಾರಿಗಾಗಿ? ನಾವು ಇದನ್ನು ವಂಚನೆಯೆಂದೇ ಎಣಿಸುತ್ತೇವೆ.

ಹನ್ನೆರಡನೆಯ ಶತಮಾನದ ಶರಣರು ಸಂಸ್ಕೃತವನ್ನು ಬಿಟ್ಟು ಜನರ ಕನ್ನಡದಲ್ಲಿ ಮಾತನಾಡಿದ್ದು ಕೇಳುವವನಿಗೆ ತಿಳಿಯಲೆಂದು. ಅನುಭಾವಕ್ಕೆ ಸಾಲುವ ಭಾಷೆ ಬಿಸ್ಕೀಟಿಗೆ ಸಾಲದೇ?

ಮನಸ್ಸು ಮಾಡಿದರೆ ದಾರಿಯಿದೆ. ಚೌಕದೊಳಗಿನ ಹಸಿರು ಚುಕ್ಕೆಯನ್ನು ಕಂಡರೆ ಅಕ್ಷರ ಬಾರದವರಿಗೂ ಅದು ಸಸ್ಯಾಹಾರವೆಂದು ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಇಂಥ ಅನುಕೂಲವಿಲ್ಲ. ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರುಗಳನ್ನು ಓದಿದರೂ ಅವು ರಕ್ತದಲ್ಲಿ ಸಕ್ಕರೆ ಏರಿಸುತ್ತವೆಂದು ಎಷ್ಟು ಜನಕ್ಕೆ ತಿಳಿದೀತು? ಪೊಟ್ಟಣದಲ್ಲಿ ಜಾಗವಿಲ್ಲ ಎನ್ನುತ್ತಾರೆ. ಸಿನಿಮಾ ನಟನ ಮುಖಕ್ಕೆ ಜಾಗವಿರುತ್ತದೆ.

ಪರರ ಮಾತು ಹಾಗಿರಲಿ. ಸೊಲ್ಲಾಪುರದ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿ ಮಾರುವವರು ನಮ್ಮವರಲ್ಲಿ ಅನೇಕರಿದ್ದಾರೆ. ಅವರು ಕನ್ನಡ, ಮರಾಠಿ ಎರಡರಲ್ಲೂ ದಪ್ಪಕ್ಷರದಲ್ಲಿ ಬರೆಯಿಸಲಿ. ತಯಾರಿಸಿದ ದಿನ, ಬಳಸಬೇಕಾದ ಅವಧಿ ಎದ್ದು ಕಾಣಲಿ. ಖರ್ಚು ದೊಡ್ಡದಲ್ಲ.

ಕಠಿಣವಾದದ್ದು ಬಿಡಿ ಮಾಲು. ಬೆಲ್ಲದ ಪೆಂಟಿಗೆ ಚೀಟಿ ಎಲ್ಲಿದೆ? ಹಳದಿ ಬಣ್ಣ ಬರಲೆಂದು ಕುದಿಯುವ ಕಾಕಂಬಿಗೆ ಹೈಡ್ರೋಸ್ ಹಾಕುವವರಿದ್ದಾರೆ. ಗಿರಾಕಿ ಮೆಚ್ಚುವುದೂ ಆ ಬಣ್ಣವನ್ನೇ. ಹಾಕದ ಕಂದು ಬೆಲ್ಲ ಮೂಲೆಯಲ್ಲಿ ಉಳಿಯುತ್ತದೆ. ಇಲ್ಲಿ ಮಾರುವವನ ಬಾಯಿಯೇ ಚೀಟಿ. ಕೇಳದಿದ್ದರೂ ಇದು ಹಾಕಿದ್ದು, ಇದು ಹಾಕದ್ದು ಎಂದು ತಿಳಿಸುವ ಅಂಗಡಿಕಾರನಿಗೆ ನಾಲ್ಕು ದಿನ ನಷ್ಟವಾದೀತು. ಆ ನಷ್ಟವನ್ನು ಅವನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಗಾಣದ ರೈತ ಹೈಡ್ರೋಸ್ ಬಿಡಬೇಕು, ಕೊಳ್ಳುವ ನಾವು ಕಂದು ಬೆಲ್ಲವನ್ನು ಕೇಳಿ ಪಡೆಯಬೇಕು. ಮಠದ ದಾಸೋಹಕ್ಕೆ ಬೆಲ್ಲ ಕಳಿಸುವವರೂ ಅದನ್ನೇ ಕಳಿಸಲಿ.