ಹತ್ತುವವರಿಗೆ ದಾರಿ

ಇಬ್ಬರು ಎದುರಾದಾಗ ದಾರಿ ಬಿಡಬೇಕಾದವರು ಯಾರು? ನಾನಿರುವ ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯಲ್ಲಿ ಇದಕ್ಕೆ ಉತ್ತರ ಸುಲಭ: ಯಾರ ಗಾಡಿ ದೊಡ್ಡದೋ ದಾರಿ ಅವರದು. ಬೇರೆ ಉತ್ತರವೂ ಇದೆಯೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಸೈಕಲ್ ತುಳಿಯುವಾಗ.

ನನ್ನ ಮಗಳಿಗೆ ಗುಡ್ಡ ಹತ್ತುವ ಸೈಕಲ್ಲಿನ ಹುಚ್ಚು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಸುಕಿನಲ್ಲಿ ಎರಡು ಸೈಕಲ್ಲುಗಳನ್ನು ಕಾರಿಗೆ ಕಟ್ಟಿ, ನನ್ನನ್ನು ನಗರದ ಇನ್ನೊಂದು ತುದಿಯ ತುರಹಳ್ಳಿ ಕಾಡಿಗೆ ಕರೆದೊಯ್ದಳು. ವೃಕ್ಷೋದ್ಯಾನದ ಯೋಜನೆಯನ್ನು 2021ರಲ್ಲಿ ಸುತ್ತಲಿನ ಜನ ವಿರೋಧಿಸಿದರಲ್ಲ, ಅದೇ ಕಾಡು. ಬಂಡೆ, ನೀಲಗಿರಿ, ಕುರುಚಲು ಗಿಡಗಳ ನಡುವೆ ಒಂದೇ ಸೈಕಲ್ ಹೋಗುವಷ್ಟು ಕಾಲುದಾರಿ. ಏರಿ, ಇಳಿದು, ಸುತ್ತಿ ಹೊರಟಲ್ಲಿಗೇ ಬರುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂಬುದು ಮೊದಲ ಏರಿನಲ್ಲೇ ಅರ್ಥವಾಯಿತು. "ಅಮ್ಮಾ, ಹಗುರದ ಗೇರಿಗೆ ಹಾಕು. ನಿಲ್ಲಬೇಡ, ನಿಂತರೆ ಮತ್ತೆ ಹೊರಡೋಕಾಗಲ್ಲ" ಎಂದು ಮಗಳು ಹಿಂದಿನಿಂದ ಕೂಗುತ್ತಿದ್ದಳು. ಅರ್ಧ ಏರಿದ್ದೆ, ಎದುರಿನಿಂದ ರಭಸವಾಗಿ ಇಳಿಯುತ್ತಿದ್ದ ಹುಡುಗನೊಬ್ಬ ಬ್ರೇಕ್ ಹಿಡಿದು ಪಕ್ಕಕ್ಕೆ ಸರಿದು, "ಬನ್ನಿ ಆಂಟಿ" ಎಂದ. ನನ್ನ ನರೆಗೂದಲಿಗೆ ಕೊಟ್ಟ ಮರ್ಯಾದೆ ಎಂದುಕೊಂಡೆ.

ಮೇಲೆ ತಲುಪಿದಾಗ ಮಗಳು ನಕ್ಕಳು. "ಅದು ನಿಯಮ ಅಮ್ಮ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಸೈಕಲ್ಲಿನವರೆಲ್ಲ ನಡೆಯುವವರಿಗೆ ಬಿಡಬೇಕು."

ಈ ಆಟ ಹೆಸರು ಮಾಡಿದ್ದು ಇಳಿಜಾರಿನಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವರು ಹಳೆಯ ಭಾರದ ಸೈಕಲ್ಲುಗಳಲ್ಲಿ ಗುಡ್ಡದಿಂದ ಇಳಿಯುವ ಪಂದ್ಯ ಕಟ್ಟಿದರು. ಬ್ರೇಕಿನ ಗ್ರೀಸ್ ಕಾದು ಹೊಗೆಯಾಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತಂತೆ. ವೆಂಡಿ ಕ್ರ್ಯಾಗ್ ಎಂಬ ಹೆಂಗಸೂ ಅವರ ಜೊತೆ ಸೈಕಲ್ ತುಳಿದು, ಅವರ ಚಿತ್ರಗಳನ್ನೂ ತೆಗೆದರು. ಗೇರುಗಳು ಕೂಡಿದ ಮೇಲೆ ಗುಡ್ಡ ಹತ್ತುವುದೂ ಸಾಧ್ಯವಾಯಿತು. 1988ರಲ್ಲಿ ಹುಟ್ಟಿದ ಇವರ ಅಂತರರಾಷ್ಟ್ರೀಯ ಸಂಘದ ನಿಯಮಗಳಲ್ಲಿ ಮಗಳು ಹೇಳಿದ ಮಾತೂ ಇದೆ. ನಮ್ಮ ಘಟ್ಟದ ರಸ್ತೆಗಳ ರೀತಿಯೂ ಅದೇ.

ಇದಕ್ಕೆ ಕಾರಣ ದಯೆಯಲ್ಲ. ಇಳಿಯುವವನು ನಿಂತರೆ ಬ್ರೇಕ್ ಬಿಟ್ಟೊಡನೆ ಮತ್ತೆ ಹೊರಡುತ್ತಾನೆ. ಹತ್ತುವವಳು ನಿಂತರೆ ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರುತ್ತದೆ. ಸಮನೆಲ ಸಿಗುವವರೆಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು.

ನನಗೆ ಹಳೆಯದೊಂದು ನೆನಪಾಯಿತು. ಬಡ್ತಿ ಪರೀಕ್ಷೆಗೆ ಓದುತ್ತಿದ್ದಾಗ ಇದೇ ಮಗಳಿಗೆ ಸೀತಾಳೆ ಸಿಡುಬು ಎದ್ದಿತ್ತು. "ಈ ವರ್ಷ ಬಿಡು, ಮುಂದಿನ ವರ್ಷ ಬರೆದರಾಯಿತು" ಎಂದರು ನಮ್ಮವರು. ಅವರು ಕೆಟ್ಟವರಲ್ಲ. ಆಗಲೇ ಮೇಲೇರಿದ್ದ ಅವರಿಗೆ ಹದಿನೈದು ದಿನ ರಜೆ ಹಾಕುವುದು ಕಷ್ಟವಿರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ, ಅಷ್ಟೆ. ಆ ಮುಂದಿನ ವರ್ಷ ಬರಲೇ ಇಲ್ಲ.

ಈ ಕಹಿಯನ್ನು ಚಪ್ಪರಿಸುತ್ತಲೇ ಇಳಿಯತೊಡಗಿದೆ. ಗಾಳಿ, ವೇಗ, ಹದಿನಾರರ ಹರೆಯ ಮರಳಿದಂಥ ಸಂತೋಷ! ತಿರುವಿನಲ್ಲಿ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಏರಿ ಬರುತ್ತಿದ್ದಳು. ನಾನು ಗಂಟೆ ಬಾರಿಸಿದೆ. ಅವಳು ಹೊರೆಯ ಸಮೇತ ಮುಳ್ಳಿನ ಪೊದೆಗೆ ಸರಿದು ನಿಂತಳು. ನಾನು ದಾಟಿ ಹೋದೆ. ಕೆಳಗೆ ತಲುಪಿದಾಗ ಮಗಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಗುಡ್ಡದಲ್ಲಿ ಹತ್ತುವವರಾರು, ಇಳಿಯುವವರಾರು ಎಂದು ಕಣ್ಣಿಗೆ ಕಾಣುತ್ತದೆ. ಸಂಸಾರದಲ್ಲಿ ಎಲ್ಲರೂ ತಾವೇ ಹತ್ತುತ್ತಿದ್ದೇವೆ ಎಂದು ನಂಬಿರುತ್ತೇವೆ. ಹಾಗಾಗಿ "ಯಾರಿಗೆ ಕಷ್ಟ ಹೆಚ್ಚು?" ಎಂದು ಕೇಳಿದರೆ ಜಗಳ ಮುಗಿಯುವುದಿಲ್ಲ. "ಈಗ ನಿಂತರೆ ಮತ್ತೆ ಹೊರಡಲಾಗದವರು ಯಾರು?" ಎಂದು ಕೇಳಿಕೊಳ್ಳಬೇಕೇನೋ.

ನಮ್ಮ ಮನೆಗೆಲಸಕ್ಕೆ ಬರುವಾಕೆ ವಾರಕ್ಕೆರಡು ಸಂಜೆ ಹೊಲಿಗೆ ತರಗತಿಗೆ ಹೋಗುತ್ತೇನೆಂದು ಕೇಳಿದ್ದಳು. "ಮುಂದಿನ ವರ್ಷ ನೋಡೋಣ" ಎಂದಿದ್ದೆ. ಅವೇ ಮಾತುಗಳು! ಸೋಮವಾರ ಬೆಳಿಗ್ಗೆ ಅವಳು ಬಂದೊಡನೆ, ತರಗತಿ ಯಾವ ಯಾವ ದಿನ ಎಂದು ಕೇಳಿದೆ. ಅವಳು ನಂಬಲಾರದೆ ನೋಡಿದಳು. ಆ ಎರಡು ಸಂಜೆಗಳ ಪಾತ್ರೆಗಳನ್ನು ಈಗ ನಮ್ಮವರೂ ನಾನೂ ಸೇರಿ ತೊಳೆಯುತ್ತೇವೆ.