ನೆಲ ಹಿಡಿಯುವ ಗಾಲಿ

ಹುಬ್ಬಳ್ಳಿ–ಧಾರವಾಡಗಳ ನಡುವೆ ಪಿ.ಬಿ. ರಸ್ತೆಗೆ ಹತ್ತಿಕೊಂಡಿರುವ ಬೈರಿದೇವರಕೊಪ್ಪ ಎರಡು ಮಣ್ಣುಗಳ ನಡುವಿನ ಊರು. ಪಡುವಣಕ್ಕೆ ಕಲಘಟಗಿಯ ಕಡೆ ಹೊರಟರೆ ನೆಲ ಮೆಲ್ಲಗೆ ಕೆಂಪಾಗುತ್ತ, ಮಸಾರಿಯಾಗುತ್ತ ಹೋಗಿ ಭತ್ತದ ಗದ್ದೆಗಳೂ ಕಾಡೂ ಎದುರಾಗುತ್ತವೆ. ಮೂಡಣಕ್ಕೆ ನವಲಗುಂದದ ಕಡೆ ತಿರುಗಿದರೆ ಕಣ್ಣು ಹಾಯುವಷ್ಟು ದೂರ ಎರಿ, ಅಂದರೆ ಕಪ್ಪು ಮಣ್ಣು. ಕಡಲಿ, ಹತ್ತಿ, ಮೆಣಸಿನಕಾಯಿ, ನೆರಳಿಲ್ಲದ ಬಯಲು. ಊರ ಮುಂದೆ ಮಾತ್ರ ಚಿಗರಿ ಬಸ್ಸುಗಳು ಓಡುವ ಅಗಲವಾದ ಗಟ್ಟಿ ರಸ್ತೆ. ಎರಿ ಹೊಲದಿಂದ ಅಮರಗೋಳದ ಎಪಿಎಂಸಿಗೆ ಮಾಲು ತರುವ ಟ್ರ್ಯಾಕ್ಟರು ಒಂದೇ ಹಗಲಿನಲ್ಲಿ ರಾಡಿಯನ್ನೂ ಕಡಿ ಹಾಸಿದ ದಾರಿಯನ್ನೂ ಡಾಂಬರನ್ನೂ ತುಳಿದು ಬರುತ್ತದೆ. ಇಂಥ ಊರಿನ ಟೈರಿನ ಅಂಗಡಿಯಲ್ಲಿ ನಿಂತು ‘ಯಾವುದು ಹಾಕಿಸಲಿ’ ಎಂದು ಕೇಳುವವನು ಬರೀ ರಬ್ಬರಿನ ಬಗ್ಗೆ ಕೇಳುತ್ತಿಲ್ಲ. ತಾನು ಯಾವ ಯಾವ ನೆಲದ ಮೇಲೆ ಬದುಕುವವನು ಎಂಬುದನ್ನು ಅವನು ಮೊದಲು ಹೇಳಬೇಕಾಗುತ್ತದೆ.

ಈಚೆಗೆ ನಮ್ಮಲ್ಲೂ ಒಂದು ಹೊಸ ಆಸೆ ಹುಟ್ಟಿದೆ. ನಾಲ್ಕೂ ಗಾಲಿ ಎಳೆಯುವ ಜೀಪು ಕೊಳ್ಳುವುದು, ಅದರ ಹಿಂದೆ ಮಲಗಲು, ಅಡುಗೆ ಮಾಡಲು ಜಾಗವಿರುವ ಕ್ಯಾರವಾನ್ ಕಟ್ಟಿಕೊಂಡು ಊರೂರು ತಿರುಗುವುದು. ಹೊಸದು ಆ ಜೀಪು ಮಾತ್ರ. ಮನೆಯನ್ನೇ ಕಟ್ಟಿಕೊಂಡು ದಾರಿ ಹಿಡಿಯುವುದು ಈ ಸೀಮೆಗೆ ಬಹಳ ಹಳೆಯದು. ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಕೊಲ್ಲಾರಿ ಬಂಡಿಗಳಲ್ಲಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಹಾಸಿಗೆ, ಎತ್ತಿನ ಮೇವು, ತೊಡೆಯ ಮೇಲೆ ಮಲಗಿದ ಕೂಸು ಎಲ್ಲ ಇರುತ್ತಿದ್ದವು. ಅಮ್ಮಿನಭಾವಿ, ಹಾರೋಬೆಳವಡಿ ದಾಟಿ, ಕತ್ತಲಾದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರೆ ಅದೇ ಆ ರಾತ್ರಿಯ ಮನೆ. ಮುಂದೆ ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ತಟ್ಟಿಯ ಜಾಗಕ್ಕೆ ತಾಡಪತ್ರಿ ಬಂತು. ‘ಉಧೋ ಉಧೋ’ ಎನ್ನುವ ದನಿ ಹಾಗೇ ಉಳಿಯಿತು.

ನನ್ನನ್ನು ಬಹಳ ಕಾಲದಿಂದ ಬೆರಗುಗೊಳಿಸುತ್ತ ಬಂದಿರುವುದು ಆ ಬದಲಾವಣೆಯಲ್ಲಿ ಗಾಲಿಗೆ ಆದದ್ದು.

ಚಕ್ಕಡಿಯ ಕಟ್ಟಿಗೆಯ ಗಾಲಿ ಭಾರ ಹೊರುವ ರೀತಿ ನಮ್ಮ ಕಾಲಿನ ರೀತಿಯೇ. ಅಚ್ಚಿನ ಮೇಲೆ ಬಿದ್ದ ಭಾರ ಆ ಗಳಿಗೆಯಲ್ಲಿ ಕೆಳಗಿರುವ ಅರೆಕಾಲುಗಳ ಮೂಲಕ ನೇರ ನೆಲಕ್ಕೆ ಇಳಿಯುತ್ತದೆ. ಚಕ್ಕಡಿ ನಿಜವಾಗಿಯೂ ತನ್ನ ಗಾಲಿಯ ಮೇಲೆ ನಿಂತಿರುತ್ತದೆ. ಗಾಳಿ ತುಂಬಿದ ಟೈರಿನಲ್ಲಿ ನಡೆಯುವುದೇ ಬೇರೆ. ಒಳಗಿನ ಗಾಳಿ ಟೈರಿನ ಮೈಯೊಳಗೆ ಹೆಣೆದ ನೂಲುಗಳನ್ನು ಸುತ್ತಲೂ ಬಿಗಿಮಾಡುತ್ತದೆ. ಆ ನೂಲುಗಳು ರಿಮ್ಮನ್ನು ಎಲ್ಲ ದಿಕ್ಕಿನಿಂದ ಎಳೆದು ಹಿಡಿದಿರುತ್ತವೆ. ಗಾಡಿಯ ಭಾರ ಬಿದ್ದಾಗ ನೆಲದ ಬಳಿಯ ನೂಲುಗಳು ತುಸು ಸಡಿಲುತ್ತವೆ, ಮೇಲಿನವು ಸಡಿಲುವುದಿಲ್ಲ. ಅಂದರೆ ರಿಮ್ಮು ಕೆಳಗಿನ ರಬ್ಬರಿನ ಮೇಲೆ ಕೂತಿಲ್ಲ, ಮೇಲಿನ ನೂಲುಗಳಿಗೆ ಜೋತುಬಿದ್ದಿದೆ. ಎರಡು ಟನ್ನಿನ ಜೀಪು, ಕಾಳು ತುಂಬಿದ ಟ್ರೇಲರು, ಎಲ್ಲವೂ ತಮ್ಮದೇ ಗಾಲಿಯೊಳಗೆ ತೂಗುತ್ತ ಸಾಗುತ್ತಿವೆ. ಪಿ.ಬಿ. ರಸ್ತೆಯ ಬದಿಗೆ ನಿಂತು ಇದನ್ನು ನೆನೆಯುತ್ತ ಸಾಲುಸಾಲಾಗಿ ಹೋಗುವ ಲಾರಿಗಳನ್ನು ನೋಡಿದರೆ ಕಣ್ಣಿಗೆ ಕಂಡದ್ದನ್ನೇ ನಂಬುವುದು ಕಷ್ಟವಾಗುತ್ತದೆ.

ಗಾಳಿಯ ಟೈರಿನ ಯೋಚನೆಗೆ 1845ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್. ಅದು ಮರೆತೇಹೋಗಿತ್ತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಹೊಸದಾಗಿ ಕಂಡುಕೊಂಡ. ಡನ್ಲಪ್ ವೃತ್ತಿಯಿಂದ ದನದ ವೈದ್ಯ. ಅವನ ಹೆಸರಿನ ಟೈರು ಮುಂದೆ ಭಾರತದ ಎತ್ತಿನ ಗಾಡಿಗೂ ಬಂತು. ಹಲವು ಕಡೆ ಆ ಗಾಡಿಗೆ ಡನ್ಲಪ್ ಗಾಡಿ ಎಂದೇ ಹೆಸರಾಯಿತು. ದನದ ವೈದ್ಯನೊಬ್ಬ ಮಗುವಿಗಾಗಿ ಮಾಡಿದ್ದು ದೂರದೇಶದ ದನಗಳ ಕೊರಳಿಗೆ ಹಗುರವಾಗಿ ತಲುಪಿತಲ್ಲ ಎಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇನ್ನು ಟೈರು ನೆಲವನ್ನು ಮುಟ್ಟುವ ಜಾಗ. ಒಳಗೆ 35 ಪೌಂಡ್ ಹವಾ ಹಾಕಿದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ ಒತ್ತಡ. ಎರಡು ಸಾವಿರ ಕಿಲೋ ತೂಕದ ಜೀಪನ್ನು ಅದರಿಂದ ಭಾಗಿಸಿ ನಾಲ್ಕು ಗಾಲಿಗೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು 200 ಚದರ ಸೆಂಟಿಮೀಟರು, ಬೆರಳು ಬಿಡಿಸಿದ ಅಂಗೈಗಿಂತ ತುಸು ದೊಡ್ಡ ಜಾಗ. ಜೀಪು ಏರುವುದು, ತಿರುಗುವುದು, ನಿಲ್ಲುವುದು, ಹಿಂದಿನ ಮನೆಯನ್ನು ಎಳೆಯುವುದು ಎಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ. ಟೈರು ಆರಿಸುವುದೆಂದರೆ ಈ ಅಂಗೈಗಳು ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದು.

ಡಾಂಬರನ್ನು ಹಿಡಿಯಬೇಕಾದರೆ ರಬ್ಬರು ಹೆಚ್ಚು ಮುಟ್ಟಬೇಕು, ಸಂದುಗಳು ಕಿರಿದಾಗಿರಬೇಕು. ರಾಡಿಯನ್ನು ಹಿಡಿಯಬೇಕಾದರೆ ಹೊರಮೈಯ ಉಬ್ಬುಗಳು, ಅಂದರೆ ಬಟನ್‌ಗಳು, ದೊಡ್ಡವಾಗಿ, ನಡುವಿನ ಸಂದು ಅಗಲವಾಗಿರಬೇಕು; ಅದೇ ಟೈರು ಡಾಂಬರಿನ ಮೇಲೆ ಗದ್ದಲ ಮಾಡುತ್ತದೆ, ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ತಡವಾಗಿ ನಿಲ್ಲುತ್ತದೆ. ಇವೆರಡರ ನಡುವೆ ನಿಂತದ್ದಕ್ಕೆ ಆಲ್ ಟೆರೇನ್ ಎಂದು ಹೆಸರು. ಎಲ್ಲ ನೆಲಕ್ಕೂ ಸಲ್ಲುವುದು ಎಂಬ ಆ ಹೆಸರನ್ನು ನಂಬಿ ಮುಂಗಾರಿನಲ್ಲಿ ನವಲಗುಂದದ ಎರಿಗೆ ಇಳಿದವನಿಗೆ ಎರಿಯೇ ಉತ್ತರ ಹೇಳುತ್ತದೆ.

ಎರಿಯ ಗುಣವೇ ಹಾಗೆ. ಅದರ ಜೇಡಿಯ ಕಣಗಳು ಪದರ ಪದರವಾಗಿದ್ದು ನೀರನ್ನು ಆ ಪದರಗಳ ನಡುವೆಯೇ ಎಳೆದುಕೊಳ್ಳುತ್ತವೆ. ಮಳೆಗೆ ನೆಲ ಉಬ್ಬುತ್ತದೆ. ಬೇಸಿಗೆಗೆ ಕುಗ್ಗಿ, ತೋಳು ಇಳಿಯುವಷ್ಟು ಆಳಕ್ಕೆ ಬಿರಿಯುತ್ತದೆ. ಮೇಲಿನ ಮಣ್ಣು ಆ ಬಿರುಕುಗಳಲ್ಲಿ ಬಿದ್ದು, ಮುಂದಿನ ಮಳೆಗೆ ಒಳಗಿನದು ಮೇಲೆ ತಳ್ಳಿ ಬಂದು, ನೇಗಿಲಿಲ್ಲದೆ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಹಸಿ ಎರಿ ಕಾಲಿಗೆ ಮೆತ್ತಿ ಹೆಜ್ಜೆಹೆಜ್ಜೆಗೂ ಭಾರವಾಗುತ್ತ ಹೋಗುವುದನ್ನು ಬಲ್ಲವರು ಬಲ್ಲರು. ಆಲ್ ಟೆರೇನ್ ಟೈರಿನ ಸಂದುಗಳನ್ನು ಅದು ನಾಲ್ಕು ಸುತ್ತಿಗೆ ತುಂಬಿಬಿಡುತ್ತದೆ. ಆಮೇಲೆ ನೆಲವನ್ನು ಮುಟ್ಟುವುದು ರಬ್ಬರಲ್ಲ, ಮಣ್ಣೇ. ಮಣ್ಣು ಮಣ್ಣಿನ ಮೇಲೆ ಜಾರುತ್ತದೆ. ಬೆಣ್ಣಿಹಳ್ಳಕ್ಕೆ ನೆರೆ ಬಂದು ಇಳಿದ ಮೇಲೆ ಹೊಲದಲ್ಲಿ ನಾಲ್ಕೂ ಗಾಲಿ ತಿರುಗಿದರೂ ಗಾಡಿ ಮಿಸುಕದೆ ನಿಲ್ಲುವುದು ಹೀಗೆ. ಈ ಸೀಮೆಯ ರೈತರು ಅದಕ್ಕೆ ಕಂಡುಕೊಂಡ ಉತ್ತರ ಟೈರಿನ ಅಂಗಡಿಯಲ್ಲಿ ಸಿಗುವಂಥದಲ್ಲ. ಅವರು ಹದ ಬರುವವರೆಗೆ ಕಾಯುತ್ತಾರೆ. ಬದುವಿನ ಮೇಲೆ ನಿಂತು, ಒಂದು ಹೆಂಟೆಯನ್ನು ಬೆರಳಿನಲ್ಲಿ ಒತ್ತಿ ನೋಡಿ, ಇನ್ನೂ ಎರಡು ದಿನ ಬೇಕು ಎಂದು ಹೇಳಿ ಹಿಂದಿರುಗುತ್ತಾರೆ. ಎಂಥ ಗಾಡಿಯಿದ್ದರೂ ಆ ಎರಡು ದಿನವನ್ನು ಕೊಡಲೇಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಟ್ರ್ಯಾಕ್ಟರಿನ ದೊಡ್ಡ ಗಾಲಿಯನ್ನು ಇದೇ ಮಣ್ಣಿಗಾಗಿ ಮಾಡಿದಂತಿದೆ. ಎತ್ತರದ ಓರೆಪಟ್ಟಿಗಳು ನಡುವಿನಿಂದ ಎರಡೂ ಬದಿಗೆ ಹೊರಟು ಅಂಚಿನಲ್ಲಿ ತೆರೆದುಕೊಳ್ಳುತ್ತವೆ. ಮೊನೆ ಮೊದಲು ನೆಲಕ್ಕೆ ಇಳಿಯುತ್ತದೆ, ತೋಳುಗಳು ಆಮೇಲೆ. ಒತ್ತಿದ ರಾಡಿ ನಡುವಿನಿಂದ ಅಂಚಿಗೆ ಸರಿದು ಹೊರಗೆ ಬೀಳುತ್ತದೆ. ಇದರಿಂದ ಇನ್ನೊಂದು ವಿಚಿತ್ರವೂ ಆಗುತ್ತದೆ. ಹಸಿ ಹೊಲದಲ್ಲಿ ಉಳಿದ ಟ್ರ್ಯಾಕ್ಟರಿನ ಹೆಜ್ಜೆಯನ್ನು ಬಗ್ಗಿ ನೋಡಿ. ಬಾಣದ ಗುರುತಿನ ಸಾಲು ಕಾಣುತ್ತದೆ. ಆ ಬಾಣಗಳು ಟ್ರ್ಯಾಕ್ಟರು ಹೋದ ದಿಕ್ಕನ್ನು ತೋರುವುದಿಲ್ಲ, ಅದು ಬಂದ ದಿಕ್ಕನ್ನು ತೋರುತ್ತವೆ.

ಹಿಂದೆ ಭಾರ ಕಟ್ಟಿದಾಗ ಆಗುವುದು ಇದಕ್ಕಿಂತ ಸೋಜಿಗ. ಎರಡು ಗಾಲಿಯ ಟ್ರೇಲರಿನ ಭಾರದಲ್ಲಿ ಒಂದು ಪಾಲು ಹುಕ್ಕಿನ ಮೇಲೆ ಬಂದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು ಕೆಳಕ್ಕೆ ಒತ್ತುತ್ತದೆ. ಏರು ಹತ್ತುವಾಗ ಎಳೆತವೂ ಮುಂದಿನ ಭಾರವನ್ನು ಹಿಂದಕ್ಕೆ ತಳ್ಳುತ್ತದೆ. ಹಾಗೆ ಒತ್ತಿದ ಗಾಲಿಗೆ ನೆಲ ಇನ್ನಷ್ಟು ಬಿಗಿಯಾಗಿ ಸಿಗುತ್ತದೆ. ಎಳೆಯಬೇಕಾದ ಭಾರವೇ ಎಳೆಯುವವನಿಗೆ ಹಿಡಿತವನ್ನು ಕೊಡುತ್ತದೆ. ಅತಿಯಾದರೆ ಮುಂದಿನ ಗಾಲಿಗಳು ನೆಲ ಬಿಟ್ಟು ಸ್ಟೇರಿಂಗ್ ಸುಳ್ಳಾಗುತ್ತದೆ. ಜೀಪಿನ ಹಿಂದಿನ ಕ್ಯಾರವಾನಿಗೂ ಇದೇ ಲೆಕ್ಕ: ಅದರ ತೂಕದ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಹುಕ್ಕಿನ ಮೇಲಿರಬೇಕು, ತೀರ ಕಡಿಮೆಯಾದರೆ ಬಾಲ ಓಲಾಡತೊಡಗುತ್ತದೆ. ಆದ್ದರಿಂದ ಎಳೆಯುವ ಗಾಡಿಗೆ ಟೈರು ಕೊಳ್ಳುವವರು ಬಟನ್‌ನ ಅಂದ ನೋಡುವ ಮೊದಲು ಮಗ್ಗುಲಿಗೆ ಬರೆದ ಭಾರದ ಅಂಕಿಯನ್ನು ಓದಬೇಕು. ಅಲ್ಲಿ 112 ಎಂದಿದ್ದರೆ ಆ ಒಂದು ಟೈರು 1,120 ಕಿಲೋವರೆಗೆ ಹೊರಬಲ್ಲದು ಎಂದು ಅರ್ಥ.

ಹೀಗೆ ಭಾರದ ಮಾತು ಬಂದಾಗ ಹಳಬರು ಎತ್ತನ್ನು ನೆನೆಯುತ್ತಾರೆ, ಟ್ರ್ಯಾಕ್ಟರು ಬಂದು ನೆಲ ಕಲ್ಲಾಯಿತು ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹವಾ ಕಡಿಮೆ ಇಟ್ಟ ಅಗಲ ಗಾಲಿ ನೆಲದ ಮೇಲ್ಮೈಯನ್ನು ಒತ್ತುವುದು ಎತ್ತಿನ ಗೊರಸಿಗಿಂತ ಹೆಚ್ಚೇನಲ್ಲ. ಗೊರಸು ಕಿರಿದು, ಅದರ ಮೇಲೆ ಬೀಳುವ ಭಾರ ದೊಡ್ಡದು. ಆದರೆ ಗೊರಸಿನ ಒತ್ತಡ ಮೇಲೇ ಮುಗಿಯುತ್ತದೆ. ಟ್ರ್ಯಾಕ್ಟರಿನ ಒಟ್ಟು ಭಾರ ನೇಗಿಲು ಮುಟ್ಟದ ಆಳಕ್ಕೂ ಇಳಿದು ಅಲ್ಲಿಯ ಮಣ್ಣನ್ನು ಬಿಗಿಯುತ್ತದೆ. ಮೇಲಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ಬೇರು ಇಳಿಸಬೇಕಾದ ಬೆಳೆಗೆ ಗೊತ್ತಾಗುತ್ತದೆ.

ಟ್ರೇಲರಿನ ಟೈರುಗಳ ಕತೆ ಬೇರೆ. ಅವು ಎಳೆಯುವುದಿಲ್ಲ, ಹಿಂದೆ ಬರುತ್ತವೆ. ವರ್ಷದ ಹೆಚ್ಚು ಕಾಲ ಹಿತ್ತಲಿನಲ್ಲೋ ಬೇವಿನ ಗಿಡದ ಬುಡದಲ್ಲೋ ನಿಂತಿರುತ್ತವೆ. ನಿಂತ ಗಾಲಿ ಸವೆಯುವುದಿಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಟೈರು ಮುದಿಯಾಗುವುದು ಓಡಿ ಮಾತ್ರವಲ್ಲ. ರಬ್ಬರಿನಲ್ಲಿ ಬೆರೆಸಿದ ಮೇಣದಂಥ ರಕ್ಷಕ ವಸ್ತು, ಗಾಲಿ ತಿರುಗಿ ಬಳುಕಿದಾಗ ಹೊರಮೈಗೆ ಬಂದು ಗಾಳಿಯಲ್ಲಿನ ಓಜೋನಿನಿಂದ ಅದನ್ನು ಕಾಯುತ್ತದೆ. ತಿರುಗದ ಗಾಲಿಗೆ ಆ ಕಾಪು ಸರಿಯಾಗಿ ಸಿಗುವುದಿಲ್ಲ. ಬಟನ್ ಹೊಸದರಂತೆ ಇರುತ್ತದೆ, ಮಗ್ಗುಲು ಸೀಳಿರುತ್ತದೆ. ಕ್ಯಾರವಾನುಗಳ ಟೈರು ಒಡೆಯುವುದೂ ಬಹುಮಟ್ಟಿಗೆ ಹೀಗೆಯೇ. ಅದಕ್ಕೆ ಮಗ್ಗುಲಿನ ಇನ್ನೊಂದು ಅಂಕಿ ನೋಡಬೇಕು: 2319 ಎಂದಿದ್ದರೆ ಅದು 2019ರ 23ನೆಯ ವಾರ ಹುಟ್ಟಿದ್ದು.

ಇನ್ನು, ಜಾತ್ರೆಗೇ ಆದರೂ ಟ್ರೇಲರಿನಲ್ಲಿ ಮಂದಿಯನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಜಾತ್ರೆಗೆ ಹೊರಟ ಟ್ರ್ಯಾಕ್ಟರುಗಳು ಮಗುಚಿ ಸಾವುಗಳಾದ ಸುದ್ದಿ ಓದಿದವರು ಆ ಕಾನೂನನ್ನು ಬರೀ ಕಾಗದ ಎನ್ನಲಾರರು. ಬಹಳಷ್ಟು ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಅವು ಮುಂದಿನದನ್ನು ದೂಡುತ್ತವೆ. ಮಂದಿ ಬಸ್ಸಿನಲ್ಲಿ, ಸಾಮಾನು ಮಾತ್ರ ಟ್ರೇಲರಿನಲ್ಲಿ ಎಂದು ನಿಯಮ ಮಾಡಿಕೊಂಡ ಮನೆಗಳೂ ಈಗ ಇವೆ. ಹಾಗೆ ಮಾಡಿದರೆ ಎಲ್ಲಮ್ಮನೇನೂ ಮುನಿಯುವುದಿಲ್ಲ.

ಭರತ ಹುಣ್ಣಿಮೆ ಹತ್ತಿರ ಬಂದಾಗ ಬೈರಿದೇವರಕೊಪ್ಪದ ಓಣಿಯೊಂದರಲ್ಲಿ ಇಂಥ ಮನೆಯ ಟ್ರೇಲರನ್ನು ತೊಳೆದು ನಿಲ್ಲಿಸಿದ್ದರು. ಡ್ರೈವರ್ ಹುಡುಗ ಕುಕ್ಕರಗಾಲಿನಲ್ಲಿ ಕೂತು ಟೈರಿನ ಮಗ್ಗುಲನ್ನು ಉಗುರಿನಿಂದ ಒತ್ತುತ್ತ, ಸೀಳುಗಳನ್ನು ಒಂದೊಂದಾಗಿ ನೋಡುತ್ತ ಹೋದ. ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತೇ ಕೇಳಿದರು, ‘ಹ್ಯಾಂಗೈತೋ?’

‘ಹೊಲದಾಗ ಇನ್ನೊಂದ್ ಸುಗ್ಗಿ ನಡೀತೈತ್ರೀ ಮಾವಾರ. ಗುಡ್ಡಕ್ಕ ಮಾತ್ರ ಬ್ಯಾಡ್ರಿ.’

‘ಹಂಗಾರ ಎರಡೂ ಬಿಚ್ಚು. ಹೊಸಾವು ಕೂಡೇ ಹಾಕ್ಸೂಣು.’