ಕರಾರು ಹೇಳದ ಮಾತು

ಸಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಗೆ ಮಾಡಿದ 3.5 ಕೋಟಿ ಡಾಲರ್ ಬಾಂಡು ಸಾಲ 1971ರಲ್ಲಿ ತೀರಿತು. ಅಸಲಿಗಿಂತ ಬಡ್ಡಿಯೇ ಹೆಚ್ಚು. ಎರಡೂ ತೀರಿದ್ದು ಟೋಲ್ ಹಣದಿಂದ. ಇದರಲ್ಲಿ ನನಗೆ ತಕರಾರಿಲ್ಲ. ಬೇಡವೆನಿಸಿದವರು ದಾಟದೆ ಇರಬಹುದಿತ್ತು. (ಸಾಲ ತೀರಿದರೂ ಟೋಲ್ ನಿಲ್ಲಲಿಲ್ಲ, ಅದು ಬೇರೆ ಮಾತು.)

ಚರಂಡಿಯ ವಿಷಯ ಹಾಗಲ್ಲ. ಬಚ್ಚಲ ನೀರು ಹೊರಗೆ ಬಿಡದೆ ಯಾರ ಮನೆಯೂ ನಡೆಯದು. ಅಮೆರಿಕದ ಅಲಬಾಮಾದಲ್ಲಿ ಜೆಫರ್ಸನ್ ಕೌಂಟಿಯ ಹೊಲಸು ಕಹಾಬಾ ನದಿ ಸೇರುತ್ತಿತ್ತು. ಜನ ಕೋರ್ಟಿಗೆ ಹೋದರು; 1996ರಲ್ಲಿ ಒಳಚರಂಡಿ ಸರಿಪಡಿಸುವುದಾಗಿ ಕೌಂಟಿ ಒಪ್ಪಿತು. ಹಣಕ್ಕೆ ಬಾಂಡು ಹೊರಟವು. ಇಂಥ ಬಾಂಡಿಗೆ ಆಧಾರ ಬೊಕ್ಕಸವಲ್ಲ, ಬಳಸುವವರು ಕಟ್ಟುವ ಶುಲ್ಕ. ನಿರ್ವಹಣೆಯ ಖರ್ಚು ಕಳೆದು ಆ ವರ್ಷದ ಕಂತಿಗೆ ಸಾಲುವಷ್ಟು, ಸಾಮಾನ್ಯವಾಗಿ ತುಸು ಹೆಚ್ಚೇ, ಉಳಿಯುವ ಹಾಗೆ ದರ ಇಡುತ್ತೇವೆಂದು ಕರಾರಿನಲ್ಲೇ ಬರೆದುಕೊಡುತ್ತಾರೆ. ಲಂಚ, ಬಡ್ಡಿದರದ ಮೇಲಿನ ಜೂಜಿನಂಥ ಒಪ್ಪಂದಗಳು ಎಲ್ಲ ಸೇರಿ ಚರಂಡಿಯ ಸಾಲ 300 ಕೋಟಿ ಡಾಲರ್ ದಾಟಿತು. 2011ರ ನವೆಂಬರಿನಲ್ಲಿ ಕೌಂಟಿ ದಿವಾಳಿ ಅರ್ಜಿ ಹಾಕಿತು. ತಿಂದವರಲ್ಲಿ ಕೆಲವರು ಜೈಲು ಕಂಡರು, ಸಾಲ ಕೊಟ್ಟವರು ಒಂದು ಪಾಲು ಬಿಟ್ಟುಕೊಟ್ಟರು. ಆದರೂ ವರ್ಷ ವರ್ಷ ಏರುವ ಬಿಲ್ಲು ಜನರಿಗೇ ಉಳಿಯಿತು.

ಬೇಡವೆನ್ನಲಾಗದ ಶುಲ್ಕ ಹೆಸರಿಗೆ ಮಾತ್ರ ಶುಲ್ಕ. ಬಡವನ ಲೆಕ್ಕದಲ್ಲಿ ಅದು ತೆರಿಗೆಯೇ, ಅದೂ ಆದಾಯ ನೋಡದ ತೆರಿಗೆ. ಹಾಗೆಂದು ದರ ಏರಿಸಲೇಬೇಡಿ ಎನ್ನುವುದು ಪುಕ್ಕಟೆ ಔದಾರ್ಯ. ಕೊನೆಗೆ ಕೊಳೆಯುವುದು ನದಿ. ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕು. ಆದರೆ ಕರಾರು ಕೇಳುವುದು ಒಟ್ಟು ಎಷ್ಟು ಬರಬೇಕೆಂದು. ಗುಡಿಸಲಿನಿಂದ ಎಷ್ಟು, ಕಾರ್ಖಾನೆಯಿಂದ ಎಷ್ಟು ಎಂಬುದನ್ನು ಹೆಚ್ಚಾಗಿ ದರ ನಿಗದಿಮಾಡುವವರಿಗೇ ಬಿಟ್ಟಿರುತ್ತದೆ. "ಏನ್ ಮಾಡೋದು ಸ್ವಾಮಿ, ಕರಾರು ಕೈ ಕಟ್ಟಿಹಾಕಿದೆ" ಎನ್ನುವ ಅಧಿಕಾರಿಯ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ನಮ್ಮಲ್ಲೂ ಇಂಥ ಸಾಲ ಮಾಡಿದ್ದಾರೆ. ಬೆಂಗಳೂರಿನ ಅಂಚಿನ ಎಂಟು ಊರುಗಳಿಗೆ ಕಾವೇರಿ ನೀರು ತರಲೆಂದು 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡು ಹೊರಟಿತು. ಮನೆಗಳಿಂದಲೂ ಮುಂಗಡ ವಂತಿಗೆ ಎತ್ತಿದರು, ನಿವೇಶನದ ಅಳತೆ ನೋಡಿ. ಹಂಚಿಕೆಯಲ್ಲಿ ಅಷ್ಟಾದರೂ ವಿವೇಕವಿತ್ತು. ನಲ್ಲಿಗೆ ನೀರು ಬರಲು ಮಾತ್ರ ವರ್ಷಗಳೇ ಹಿಡಿದವು. ಕೆಲಸ ತಡವಾದರೂ ಬಾಂಡು ಕೊಂಡವನ ಬಡ್ಡಿ ನಿಲ್ಲುವುದಿಲ್ಲ. ಮುಂಗಡ ಕಟ್ಟಿ ಕಾದ ಮನೆಯವರಿಗೆ ಆ ತಡದ ಲೆಕ್ಕದಲ್ಲಿ ಏನು ಬರಬೇಕಿತ್ತು?